ಮಲಪ್ರಭಾ ಜಲಾಶಯ ಪ್ರದೇಶದ ಬೇಸಿಗೆಯ ಕೊನೆಯ ಹವೆ

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ, ಎಂದರೆ ಸಹ್ಯಾದ್ರಿಯ ಸೆರಗಿನಿಂದ ತೊಡಗಿ ಮಲಪ್ರಭಾ ನದಿಯ ಇಕ್ಕೆಲಗಳನ್ನು ಅನುಸರಿಸುತ್ತ ಪೂರ್ವದ ಬಯಲಿಗೆ ಇಳಿಯುವ ಭೂಭಾಗದಲ್ಲಿ, ಬಿಸಿಲು ತನ್ನ ಪರಾಕಾಷ್ಠೆಯನ್ನು ಮುಟ್ಟಿ ಪಡುವಣದ ತಂಪುಗಾಳಿಗೆ ಎಡೆಗೊಡುವ ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗಿನ ಎರಡು ತಿಂಗಳ ವಾಯುಗುಣ. ಈ ಭೂಭಾಗದ ನಡುವೆ ಸವದತ್ತಿಗೆ ಸಮೀಪದ ನವಿಲುತೀರ್ಥದಲ್ಲಿ, ಕಲ್ಲುಗುಡ್ಡವನ್ನು ಸೀಳಿಕೊಂಡು ನದಿ ಹೊರಬೀಳುವ ಇಕ್ಕಟ್ಟಾದ ಕಣಿವೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನಿಂದ ಉಂಟಾದ ರೇಣುಕಾಸಾಗರವೆಂಬ ಜಲಾಶಯವಿದೆ. 1960ರ ದಶಕದಲ್ಲಿ ಕೆಲಸ ಸಾಗಿ 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಈ ಅಣೆಯ ಹಿಂದೆ 37.73 ಟಿ.ಎಂ.ಸಿ. ನೀರು ನಿಲ್ಲಬಲ್ಲುದು, ಪೂರ್ಣಮಟ್ಟ 2079.5 ಅಡಿ; ತುಂಬಿದಾಗ ನೀರಿನ ಹರವು ನೂರು ಚದರ ಕಿಲೋಮೀಟರನ್ನು ಮೀರುತ್ತದೆ. ಯಲ್ಲಮ್ಮನ ಗುಡ್ಡದ ದೇವಿಯ ಹೆಸರನ್ನು ಹೊತ್ತ ಈ ಸಾಗರವು ಸುತ್ತಣ ಹೊಲಗಳಿಗೆ ನೀರಾವರಿಯನ್ನೂ ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರನ್ನೂ ಒದಗಿಸುವುದರಿಂದ, ಇಲ್ಲಿನ ಬೇಸಿಗೆ ಹೇಗೆ ಕೊನೆಗಾಣುವುದೆಂಬುದು ನಾಲ್ಕು ತಾಲ್ಲೂಕುಗಳ ಎಲ್ಲೆಯನ್ನು ಮೀರಿದ ಚಿಂತೆಯಾಗಿದೆ.

ಈ ಹವೆಯನ್ನು ವಿವೇಚಿಸುವವನು ಮೊಟ್ಟಮೊದಲು ಮನಗಾಣಬೇಕಾದ ಸಂಗತಿಯೆಂದರೆ, ಇಲ್ಲಿ ತಂಪು ಬರುವುದೂ ಮಳೆ ಬರುವುದೂ ಒಂದೇ ಅಲ್ಲವೆಂಬುದು. ತಂಪು ಎರಡು ದಾರಿಗಳಿಂದ ಬರುತ್ತದೆ: ಒಂದು, ಏಪ್ರಿಲ್-ಮೇ ತಿಂಗಳ ಇಳಿಹೊತ್ತಿನಲ್ಲಿ ಗುಡುಗು ಸಿಡಿಲುಗಳೊಡನೆ ಎರಗಿ ಒಂದು ರಾತ್ರಿಯ ಮಟ್ಟಿಗೆ ಮಾತ್ರ ನಿಲ್ಲುವ ಅಡ್ಡಮಳೆಯ ತಂಪು, ಇನ್ನೊಂದು, ಮೇ ಕೊನೆಯಿಂದ ಘಟ್ಟದ ಮೇಲಿಂದ ಬೀಸತೊಡಗಿ ತಿಂಗಳುಗಟ್ಟಲೆ ಬಿಡದೆ ನಿಲ್ಲುವ ಪಡುವಣಗಾಳಿಯ ತಂಪು. ಮೊದಲನೆಯದು ಮಳೆ ತರುತ್ತದೆ, ತಂಪನ್ನು ಉಳಿಸುವುದಿಲ್ಲ. ಎರಡನೆಯದು ತಂಪನ್ನು ಉಳಿಸುತ್ತದೆ, ಆದರೆ ಪೂರ್ವದ ಊರುಗಳಿಗೆ ಮಳೆಯನ್ನು ಅನೇಕ ವೇಳೆ ತರುವುದಿಲ್ಲ. ಇವೆರಡನ್ನೂ ಒಂದೆಂದು ಬಗೆದು ಬೀಜವನ್ನು ಹೊಲಕ್ಕೆ ಒಯ್ದವರು ಪಟ್ಟ ಪಾಡನ್ನು ಸವದತ್ತಿ-ರಾಮದುರ್ಗಗಳ ಎರೆಯ ಸೀಮೆ ಪ್ರತಿ ತಲೆಮಾರಿನಲ್ಲಿಯೂ ಕಂಡಿದೆ.

ಭೂರಚನೆಯೇ ಈ ವೈಚಿತ್ರ್ಯದ ಮೂಲ. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ವರ್ಷದ ಮಳೆ ಮೂರು ಸಾವಿರ ಮಿಲಿಮೀಟರನ್ನು ಮೀರುತ್ತದೆ. ಅಲ್ಲಿಂದ ಪೂರ್ವಕ್ಕೆ ನಡೆದಂತೆಲ್ಲ ಮಳೆ ಕುಗ್ಗುತ್ತ ಬಂದು, ಮಲೆನಾಡಿನ ಗಾಳಿ ಇನ್ನೂ ಸೋಂಕುವ ಕಿತ್ತೂರನ್ನು ದಾಟಿ ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಏಳುನೂರರ ಆಸುಪಾಸಿಗೂ, ರಾಮದುರ್ಗವನ್ನು ಮುಟ್ಟುವಷ್ಟರಲ್ಲಿ ಐನೂರು ಆರುನೂರರ ನಡುವಣ ಅಂಕೆಗೂ ಇಳಿದುಬಿಡುತ್ತದೆ. ನೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿನ ಅಂತರದಲ್ಲಿ ಮಳೆ ಐದರಲ್ಲೊಂದು ಪಾಲಾಗುವ ಇಂಥ ಇಳಿತವು ನಾಡಿನಲ್ಲಿ ಅಪರೂಪವಲ್ಲವಾದರೂ, ಒಂದೇ ನದಿಯನ್ನು ನಂಬಿದ ಜನ ಎರಡು ತೆರನ ಆಕಾಶದಡಿ ಬಾಳಬೇಕಾಗಿ ಬಂದಿರುವುದು ಇಲ್ಲಿನ ವಿಶೇಷ. ಕೃಷಿ ಹವಾಮಾನ ವಲಯಗಳ ವಿಂಗಡಣೆಯಲ್ಲಿ ಖಾನಾಪುರವು ಗುಡ್ಡಗಾಡು ವಲಯಕ್ಕೂ, ಬೈಲಹೊಂಗಲವು ಉತ್ತರದ ಸಂಕ್ರಮಣ ವಲಯಕ್ಕೂ, ಸವದತ್ತಿ ರಾಮದುರ್ಗಗಳು ಉತ್ತರದ ಒಣ ವಲಯಕ್ಕೂ ಸೇರಿರುವುದು ಇದೇ ಕಾರಣದಿಂದ. ಕಿತ್ತೂರು ಇತ್ತೀಚಿನವರೆಗೆ ಬೈಲಹೊಂಗಲ ತಾಲ್ಲೂಕಿನೊಳಗೆಯೇ ಇತ್ತು. ಆಂಗ್ಲರ ಕಾಲದಲ್ಲಿ ಇವೆರಡೂ ಸಂಪಗಾವಿ ತಾಲ್ಲೂಕೆಂದೂ, ಸವದತ್ತಿಯ ಸೀಮೆ ಪರಸಗಡ ತಾಲ್ಲೂಕೆಂದೂ ಕರೆಯಿಸಿಕೊಳ್ಳುತ್ತಿದ್ದವು. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. 1884ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಬೆಳಗಾವಿ ಗ್ಯಾಸೆಟಿಯರನ್ನು ನೋಡುವವರು ಈ ಹಳೆಯ ಹೆಸರುಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದೊಳ್ಳೆಯದು.

ಬಿಸಿಲಿನ ತೀವ್ರತೆಯೂ ಪಶ್ಚಿಮದಿಂದ ಪೂರ್ವಕ್ಕೆ ಏರುತ್ತದೆ. ಬೆಳಗಾವಿ ಧಾರವಾಡಗಳಲ್ಲಿ ವರ್ಷದ ಅತ್ಯುಷ್ಣ ತಿಂಗಳು ಏಪ್ರಿಲ್. ಮೇ ತಿಂಗಳಲ್ಲಿ ಸಮುದ್ರದ ಕಡೆಯ ಗಾಳಿ ಸುಳಿಯತೊಡಗುವುದರಿಂದ ಅಲ್ಲಿ ಹಗಲಿನ ಉಷ್ಣತೆ ತುಸು ತಗ್ಗುತ್ತದೆ. ಕಿತ್ತೂರಿನಲ್ಲಿಯೂ ಬಹುಮಟ್ಟಿಗೆ ಹೀಗೆಯೇ. ಆದರೆ ಸವದತ್ತಿಯನ್ನು ದಾಟಿ ರಾಮದುರ್ಗದ ಕಡೆ ಇಳಿದರೆ ಮೇ ತಿಂಗಳಿನ ನಡುವಿನವರೆಗೂ ಮಧ್ಯಾಹ್ನದ ಉಷ್ಣತೆ ನಲವತ್ತು ಡಿಗ್ರಿಯ ಸಮೀಪದಲ್ಲಿಯೇ ಸುಳಿದಾಡುತ್ತಿರುತ್ತದೆ. ಅಲ್ಲಿನ ಗುಡ್ಡಗಳ ಮರಳುಗಲ್ಲು ಹಗಲೆಲ್ಲ ಹೀರಿಕೊಂಡ ಕಾವನ್ನು ಸಂಜೆಯಾದ ಮೇಲೆ ಹೊರಗೆಡಹುವುದರಿಂದ ರಾತ್ರಿಯ ಮೊದಲ ಯಾಮವೂ ಬೇಯುತ್ತದೆ. ಮಾರ್ಚಿನ ಬಿಸಿಲು ಒಣಬಿಸಿಲು. ನೆರಳಿಗೆ ಬಂದರೆ ಬೆವರು ಆರುತ್ತದೆ. ಮೇ ತಿಂಗಳಿನದು ಹಾಗಲ್ಲ. ಗಾಳಿಯಲ್ಲಿ ತೇವ ಸೇರಿ ಮೈಯಿಂದ ಬೆವರು ಆರದೆ ನಿಂತಾಗ ಹಳ್ಳಿಯವರು ‘ಕುದಿ ಭಾಳ ಆಗೇತಿ, ಇವತ್ತು ಮಳಿ ಆದೀತು’ ಎನ್ನುತ್ತಾರೆ; ಈ ಮಾತಿನಲ್ಲಿ ಅನುಭವದ ಹವಾಮಾನಶಾಸ್ತ್ರ ಪೂರ್ಣವಾಗಿಯೇ ಅಡಗಿದೆ. ಬೇಸಿಗೆಯ ಕೊನೆಯಲ್ಲಿ ಮಹಾರಾಷ್ಟ್ರದ ಒಳನಾಡಿನಿಂದ ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣಕ್ಕೆ ಕಡಿಮೆ ಒತ್ತಡದ ಒಂದು ಉದ್ದನೆಯ ತಗ್ಗು ಚಾಚಿಕೊಂಡಿರುತ್ತದೆ. ಅದರ ಒಂದು ಪಕ್ಕದಿಂದ ವಾಯವ್ಯದ ಒಣಗಾಳಿಯೂ ಇನ್ನೊಂದು ಪಕ್ಕದಿಂದ ಸಮುದ್ರದ ತೇವವನ್ನು ಹೊತ್ತ ಗಾಳಿಯೂ ಬಂದು ಎದುರುಬದುರಾಗುವಲ್ಲಿ, ನೆಲದ ಕಾವಿನಿಂದ ಮೇಲಕ್ಕೆ ನೂಕಲ್ಪಟ್ಟ ಗಾಳಿ ಮಧ್ಯಾಹ್ನದ ಹೊತ್ತಿಗೆ ಮುಗಿಲುಗೋಪುರಗಳಾಗಿ ಬೆಳೆಯುತ್ತದೆ.

ಈ ಅಡ್ಡಮಳೆಯ ಸ್ವರೂಪವನ್ನು ಜಲಾಶಯದ ದಂಡೆಯಲ್ಲಿ ನಿಂತು ನೋಡಿದವರಿಗೆ ಅದರ ಕ್ರಮ ಸ್ಪಷ್ಟವಾಗುತ್ತದೆ. ಮೂರು ಗಂಟೆಯ ಹೊತ್ತಿಗೆ ದಿಗಂತದಲ್ಲಿ ಹೂಕೋಸಿನಂಥ ಬಿಳಿಯ ಮೋಡವೊಂದು ತಲೆಯೆತ್ತಿ, ನಾಲ್ಕರ ಹೊತ್ತಿಗೆ ಅದರ ಬುಡ ಸೀಸದ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಯವರೆಗೆ ಬೀಸುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ನಿಂತು, ಎಲೆ ಅಲುಗದ ಒಂದು ಸ್ತಬ್ಧತೆ ಆವರಿಸುತ್ತದೆ. ಆಮೇಲೆ ಮಳೆಗಿಂತ ಮುಂಚೆ ಧೂಳು ಬರುತ್ತದೆ. ಹರಗಿ ಬಿಟ್ಟ ಎರೆ ಹೊಲಗಳ ಕಪ್ಪು ಧೂಳು ಗೋಡೆಯಂತೆ ಎದ್ದು ದಾರಿಯನ್ನು ಮುಚ್ಚುತ್ತದೆ, ತಗಡುಗಳು ಹಾರುತ್ತವೆ, ಕಣಕಿಯ ಬಣವಿಗಳ ತಲೆ ಕಿತ್ತುಹೋಗುತ್ತದೆ, ಮಾವಿನ ತೋಪುಗಳಲ್ಲಿ ಬಲಿತ ಕಾಯಿ ನೆಲ ಕಾಣದಂತೆ ಉದುರುತ್ತದೆ. ಈ ಗಾಳಿಯ ತಂಪಿಗೆ ಕಾರಣ ಸಮುದ್ರವಲ್ಲ. ಮೋಡದಿಂದ ಜಾರಿದ ಹನಿಗಳು ಕೆಳಗಿನ ಒಣಹವೆಯನ್ನು ಹಾಯ್ದು ಬರುವಾಗ ದಾರಿಯಲ್ಲಿಯೇ ಆವಿಯಾಗುತ್ತವೆ. ಆವಿಯಾಗುವುದಕ್ಕೆ ಬೇಕಾದ ಕಾವನ್ನು ಸುತ್ತಣ ಗಾಳಿಯಿಂದಲೇ ಕಸಿದುಕೊಳ್ಳುವುದರಿಂದ ಆ ಗಾಳಿ ತಣಿದು ಭಾರವಾಗಿ ಧೊಪ್ಪನೆ ನೆಲಕ್ಕಿಳಿದು ಎಲ್ಲ ದಿಕ್ಕಿಗೂ ಹರಡುತ್ತದೆ. ಅರ್ಧ ತಾಸಿನೊಳಗೆ ಉಷ್ಣತೆ ಎಂಟು ಹತ್ತು ಡಿಗ್ರಿ ಇಳಿಯುವುದು ಇಂಥ ಸಂಜೆಗಳಲ್ಲಿ ಅಸಾಧಾರಣವೇನಲ್ಲ. ಆದುದರಿಂದಲೇ ಮಳೆ ಮುಟ್ಟದ ಪಕ್ಕದ ಊರಿಗೂ ತಂಪು ಮುಟ್ಟುತ್ತದೆ. ಒಂದೂರಿನಲ್ಲಿ ಹಳ್ಳ ಹರಿದರೆ ಮೂರು ಹರದಾರಿಯಾಚೆ ನೆಲ ನೆನೆಯದೆ ಬರಿ ಮಣ್ಣಿನ ವಾಸನೆ ಮಾತ್ರ ಬಂದಿರುತ್ತದೆ. ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಬಿಸಿಲು ಮೊದಲಿನಂತೆಯೇ ಏರಿ, ನೆನೆದ ನೆಲದ ಆವಿ ಕೂಡಿಕೊಂಡು ಕುದಿ ಇಮ್ಮಡಿಯಾಗುತ್ತದೆ.

ಆಣೆಕಲ್ಲೂ ಸಿಡಿಲೂ ಈ ಮಳೆಯ ಸಂಗಾತಿಗಳು. ಆಣೆಕಲ್ಲಿನ ಹಾನಿ ಪೈರಿಗೆ, ಸಿಡಿಲಿನದು ಜೀವಕ್ಕೆ. ಕುರಿ ಕಾಯುವವರು, ಹೊಲದಿಂದ ಎತ್ತು ಬಿಟ್ಟುಕೊಂಡು ಬರುವವರು, ಮಳೆ ತಪ್ಪಿಸಿಕೊಳ್ಳಲೆಂದು ಒಂಟಿ ಬೇವಿನ ಮರದ ಕೆಳಗೆ ನಿಂತವರು, ಇವರೇ ಪ್ರತಿ ವರ್ಷ ಇದಕ್ಕೆ ಬಲಿಯಾಗುವವರು. ಬಯಲಿನಲ್ಲಿ ಎತ್ತರವಾಗಿ ನಿಂತ ಒಂಟಿ ಮರವೇ ಸಿಡಿಲನ್ನು ಕರೆಯುವ ಗುರುತೆಂಬುದನ್ನು ಶಾಲೆಯ ಪಾಠದಲ್ಲಿ ಮಾತ್ರವಲ್ಲದೆ ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಸಾರಿ ಹೇಳಬೇಕಾಗಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಎಂಬ ಮೊಬೈಲ್ ಸೌಕರ್ಯವು ಸುತ್ತಣ ಇಪ್ಪತ್ತು ನಲವತ್ತು ಕಿಲೋಮೀಟರಿನೊಳಗಿನ ಮಿಂಚಿನ ಸೂಚನೆಯನ್ನು ಕೊಡುತ್ತದೆ. ಕುರಿಗಾಹಿಯ ಕಿಸೆಯಲ್ಲಿಯೂ ಫೋನಿರುವ ಈ ಕಾಲದಲ್ಲಿ ಅದರ ಬಳಕೆ ಇನ್ನೂ ಹಬ್ಬಬೇಕು.

ಜನ ಈ ಎರಡು ತಿಂಗಳುಗಳನ್ನು ಎಣಿಸುವುದು ಇಂಗ್ಲಿಷ್ ತಾರೀಖಿನಿಂದಲ್ಲ, ಸೂರ್ಯನು ಹಾಯ್ದುಹೋಗುವ ನಕ್ಷತ್ರಗಳಿಂದ. ಏಪ್ರಿಲ್ 13-14ರ ಸುಮಾರಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಹೊತ್ತಿಗೆ ಕೃತ್ತಿಕಾ, 25ರ ಹೊತ್ತಿಗೆ ರೋಹಿಣಿ, ಜೂನ್ 7-8ಕ್ಕೆ ಮೃಗಶಿರಾ, 22ರ ಹೊತ್ತಿಗೆ ಆರಿದ್ರಾ, ಹೀಗೆ ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಮಳೆಗಳು ‘ಹೂಡುತ್ತವೆ’. ರೋಹಿಣಿ ಮಳೆಯಾದರೆ ಓಣಿ ತುಂಬ ಜೋಳ ಎಂಬ ಗಾದೆ ಇಲ್ಲಿ ಯಾರ ಬಾಯಲ್ಲಾದರೂ ಸಿಗುತ್ತದೆ. ಮೃಗಶಿರೆಯನ್ನು ಈ ಸೀಮೆಯವರು ‘ಮಿರಗ’ವೆನ್ನುತ್ತಾರೆ, ಮಿರಗ ಕೂಡುವ ದಿನವೇ ಇವರ ಪಾಲಿಗೆ ಬೇಸಿಗೆಯ ಕಡೆಯ ದಿನ. ನೈಋತ್ಯ ಮಾರುತವು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಕೇರಳವನ್ನು ಮುಟ್ಟಿ, ಆ ತಿಂಗಳ ಮೊದಲ ಹತ್ತು ದಿನಗಳೊಳಗೆ ಉತ್ತರ ಒಳನಾಡಿಗೆ ಕಾಲಿಡುವುದರಿಂದ, ಸೌರಮಾನದ ಈ ಎಣಿಕೆ ಹವಾಮಾನ ಇಲಾಖೆಯ ಸರಾಸರಿಗೆ ಬಹಳ ಹತ್ತಿರದಲ್ಲಿದೆ. ಆದರೆ ಸರಾಸರಿಯೆಂಬುದು ಯಾವ ಒಂದು ವರ್ಷದ ಸತ್ಯವೂ ಅಲ್ಲವೆಂಬುದನ್ನು ಪಂಚಾಂಗವೂ ಇಲಾಖೆಯೂ ಸಮಾನವಾಗಿ ಒಪ್ಪಿಕೊಳ್ಳಬೇಕಾಗಿದೆ. 2023ರಲ್ಲಿ ಅರಬ್ಬೀ ಸಮುದ್ರದ ಬಿಪರ್‌ಜಾಯ್ ಚಂಡಮಾರುತವು ತೇವವನ್ನೆಲ್ಲ ತನ್ನ ಕಡೆಗೆ ಸೆಳೆದುಕೊಂಡದ್ದರಿಂದ ಜೂನ್ 8ಕ್ಕೆ ಕೇರಳ ಮುಟ್ಟಿದ ಮಾರುತ ಒಳನಾಡಿಗೆ ತಡವಾಗಿ, ಬಲವಿಲ್ಲದೆ ಬಂತು. ಆ ವರ್ಷ ನಾಡಿನ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. 2025ರಲ್ಲಿಯಾದರೋ ಮೇ 24ಕ್ಕೇ ಕೇರಳಕ್ಕೆ ಮಳೆಗಾಲ ಬಂದು, ರೋಹಿಣಿ ಹೂಡುವ ಮೊದಲೇ ಕೊಡೆ ಹಿಡಿಯುವಂತಾಯಿತು.

ಈಗ ಪಡುವಣಗಾಳಿಯ ವಿಚಾರ. ಮೇ ಕೊನೆಯಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಗಾಳಿ ವಿಷುವದ್ರೇಖೆಯನ್ನು ದಾಟಿ, ಸೋಮಾಲಿಯಾದ ಕರಾವಳಿಯನ್ನು ಒರಸಿಕೊಂಡು ಬಲಕ್ಕೆ ತಿರುಗಿ, ಅರಬ್ಬೀ ಸಮುದ್ರದ ಮೇಲೆ ಒಂದು ಒಂದೂವರೆ ಕಿಲೋಮೀಟರಿನ ಎತ್ತರದಲ್ಲಿ ಪ್ರಬಲವಾದ ಪ್ರವಾಹವಾಗಿ ನಮ್ಮ ಕಡೆಗೆ ನುಗ್ಗುತ್ತದೆ. ಘಟ್ಟದ ಗೋಡೆಯನ್ನು ಹತ್ತುವಾಗ ತನ್ನ ತೇವದ ಬಹುಪಾಲನ್ನು ಅದು ಕಣಕುಂಬಿ, ಚೋರ್ಲಾ, ಜಾಂಬೋಟಿಗಳ ಕಾಡಿನ ಮೇಲೆ ಸುರಿದುಬಿಡುತ್ತದೆ. ಗೋಡೆಯನ್ನು ದಾಟಿದ ಮೇಲೆ ಅದನ್ನು ಮೇಲೆತ್ತುವ ಎತ್ತರಗಳಿಲ್ಲ. ಮೇಲೇರದ ಗಾಳಿ ಮಳೆಗರೆಯದು. ಹೀಗಾಗಿ ಕಿತ್ತೂರಿನಲ್ಲಿ ಜಿಟಿಜಿಟಿ ಮಳೆ ಹಿಡಿದು ಹಂಚುಗಳ ಮೇಲೆ ಪಾಚಿ ಕಟ್ಟುವ ಹೊತ್ತಿನಲ್ಲಿ ಬೈಲಹೊಂಗಲದಲ್ಲಿ ತುಂತುರೂ, ಸವದತ್ತಿಯಲ್ಲಿ ಬರಿಯ ಮೋಡವೂ, ರಾಮದುರ್ಗದಲ್ಲಿ ಮೋಡದ ನೆರಳು ಓಡುವ ಬಿಸಿಲೂ ಇರುವುದುಂಟು. ಗಾಳಿ ಮಾತ್ರ ನಾಲ್ಕೂ ಕಡೆ ಒಂದೇ. ಹಗಲಿರುಳೆನ್ನದೆ ಸುಂಯ್ ಎಂದು ಬೀಸುವ ಈ ಗಾಳಿಗಾಗಿಯೇ ಸವದತ್ತಿಯ ಸುತ್ತಣ ಬೋಳುಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು; ಮಿರಗದಿಂದ ಶ್ರಾವಣದವರೆಗೆ ಅವು ತಿರುಗುತ್ತಲೇ ಇರುತ್ತವೆ. ಹಗಲಿನ ಉಷ್ಣತೆ ಬೆಳಗಾವಿಯಲ್ಲಿ ಜುಲೈ ಹೊತ್ತಿಗೆ 26 ಡಿಗ್ರಿಯ ಸುಮಾರಿಗಿಳಿದರೆ ರಾಮದುರ್ಗದ ಕಡೆ ಅದಕ್ಕಿಂತ ನಾಲ್ಕೈದು ಡಿಗ್ರಿ ಮೇಲಿರುತ್ತದೆ. ಮೈಗೆ ಹಿತವೆನಿಸುವ ಈ ಗಾಳಿ ಹೊಲಕ್ಕೆ ಹಿತವಲ್ಲ: ನೆಲದ ಮೇಲ್ಪದರದ ಹಸಿಯನ್ನು ಅದು ಎರಡು ಮೂರು ದಿನಗಳಲ್ಲಿ ಹೀರಿಬಿಡುತ್ತದೆ, ಎಳೆಯ ಮೊಳಕೆಯನ್ನು ಬಾಡಿಸುತ್ತದೆ. ಪೂರ್ವದ ಈ ಎರಡು ತಾಲ್ಲೂಕುಗಳಿಗೆ ಹೆಚ್ಚಿನ ಮಳೆ ಬೀಳುವುದು ಗಾಳಿ ಸಡಿಲಗೊಂಡು ಗುಡುಗು ಮರಳುವ ಸೆಪ್ಟೆಂಬರಿನಲ್ಲಿ, ಹುಬ್ಬಾ ಉತ್ತರಾ ಹಸ್ತಾ ಮಳೆಗಳಲ್ಲಿ.

ಜಲಾಶಯವು ಈ ಹವೆಯ ಮೇಲೆ ಮಾಡುವ ಪ್ರಭಾವವನ್ನು ಜನ ಹಿಗ್ಗಿಸಿ ಹೇಳುವುದುಂಟು. ನೀರು ನೆಲಕ್ಕಿಂತ ನಿಧಾನವಾಗಿ ಕಾಯುವುದರಿಂದ ಮಧ್ಯಾಹ್ನದಲ್ಲಿ ನೀರಿನ ಕಡೆಯಿಂದ ದಂಡೆಯ ಕಡೆಗೆ ಸಣ್ಣದೊಂದು ತಂಗಾಳಿ ಹುಟ್ಟುವುದು ನಿಜ. ಹಿನ್ನೀರಿಗೆ ಅಂಟಿದ ಊರುಗಳಲ್ಲಿ ಅದರ ಅನುಭವವಾಗುವುದೂ ನಿಜ. ಆದರೆ ಕೆಲವು ಕಿಲೋಮೀಟರಿನಾಚೆ ಅದು ಬಿಸಿಲಿನಲ್ಲಿ ಕರಗಿಹೋಗುತ್ತದೆ. ಅಲ್ಲದೆ ತಂಪು ಅತ್ಯಂತ ಬೇಕಾದ ಮೇ ತಿಂಗಳಲ್ಲಿಯೇ ಜಲಾಶಯವು ಅತ್ಯಂತ ಕೃಶವಾಗಿರುತ್ತದೆ. ದಂಡೆ ಹಿಂದಕ್ಕೆ ಸರಿದು, ಸೀಳುಬಿಟ್ಟ ಕೆಸರಿನ ಬಯಲು ತೆರೆದುಕೊಂಡು, ಹಿಂದಿನ ವರ್ಷದ ನೀರಿನ ಗುರುತುಗಳು ಗುಡ್ಡದ ಮೈಮೇಲೆ ಮೆಟ್ಟಿಲುಮೆಟ್ಟಿಲಾಗಿ ಕಾಣಿಸುತ್ತವೆ. ಈ ದಿನಗಳಲ್ಲಿ ಬಿಸಿಲೂ ಗಾಳಿಯೂ ಸೇರಿ ತೆರೆದ ನೀರಿನಿಂದ ದಿನಕ್ಕೆ ಹಲವು ಮಿಲಿಮೀಟರು ನೀರನ್ನು ಆವಿಯಾಗಿ ಒಯ್ಯುತ್ತವೆ. ಒಂದು ಚದರ ಕಿಲೋಮೀಟರಿನ ಮೇಲಿಂದ ಒಂದು ಮಿಲಿಮೀಟರು ಹೋಯಿತೆಂದರೆ ಹತ್ತು ಲಕ್ಷ ಲೀಟರು ಹೋದಂತೆ. ಜಲಾಶಯ ತುಂಬುವುದಾದರೋ ತನ್ನ ಮೇಲೆ ಬಿದ್ದ ಮಳೆಯಿಂದಲ್ಲ, ಕಣಕುಂಬಿಯ ಮೇಲೆ ಬಿದ್ದ ಮಳೆಯಿಂದ. ಸವದತ್ತಿಯ ರೈತ ತನ್ನ ಹೊಲ ಒಣಗಿರುವಾಗಲೂ ‘ಖಾನಾಪುರದ ಕಡೆ ಮಳಿ ಹೆಂಗೈತಿ?’ ಎಂದು ವಿಚಾರಿಸುವುದು ಇದರಿಂದಲೇ. 2019ರ ಆಗಸ್ಟಿನಲ್ಲಿ ಮೇಲಿನ ಸೀಮೆಯ ಅತಿವೃಷ್ಟಿಯಿಂದ ಜಲಾಶಯ ಉಕ್ಕಿ, ಬಿಟ್ಟ ನೀರು ಮುನವಳ್ಳಿಗೂ ರಾಮದುರ್ಗ ಪಟ್ಟಣಕ್ಕೂ ನುಗ್ಗಿ ನೇಕಾರರ ಮನೆಗಳ ಮಗ್ಗಗಳನ್ನು ಮುಳುಗಿಸಿದ್ದು ಇದೇ ಸತ್ಯದ ದಾರುಣವಾದ ಇನ್ನೊಂದು ಮುಖ: ಬರಗಾಲದ ಸೀಮೆಗೆ ಪ್ರವಾಹ ಬಂದದ್ದು ಬೇರೆಯವರ ಮಳೆಯಿಂದ.

ಮುನ್ಸೂಚನೆಯ ವಿಷಯದಲ್ಲಿ ಹಿಂದಿಗಿಂತ ಇಂದು ಸಾಧನಗಳು ಹೆಚ್ಚಿವೆ. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆ ಏಪ್ರಿಲ್ ಮಧ್ಯದಲ್ಲಿಯೂ ಮೇ ಕೊನೆಯಲ್ಲಿಯೂ ಮಳೆಗಾಲದ ಒಟ್ಟು ಅಂದಾಜನ್ನು ಪ್ರಕಟಿಸುತ್ತದೆ, 1988ರಲ್ಲಿ ಬರ ಪರಿಶೀಲನಾ ಘಟಕವಾಗಿ ಹುಟ್ಟಿದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳವರೆಗೆ ಮಳೆಮಾಪಕಗಳನ್ನು ಹರಡಿ ‘ವರುಣಮಿತ್ರ’ದ ಮೂಲಕ ರೈತರ ದೂರವಾಣಿ ಪ್ರಶ್ನೆಗಳಿಗೆ ಉತ್ತರಿಸುತ್ತದೆ, ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಿಂದ ಹವೆಗೆ ತಕ್ಕ ಬೇಸಾಯದ ಸಲಹೆ ದೊರೆಯುತ್ತದೆ. ಆದರೂ ಇಡೀ ಜಿಲ್ಲೆಗೆ ಒಂದೇ ವಾಕ್ಯದಲ್ಲಿ ಹೇಳಿದ ಮುನ್ಸೂಚನೆ ಖಾನಾಪುರ ರಾಮದುರ್ಗಗಳೆರಡಕ್ಕೂ ಒಟ್ಟಿಗೆ ಸರಿಹೊಂದುವುದು ಅಪರೂಪ. ‘ಬೆಳಗಾವಿ ಜಿಲ್ಲೆಯಲ್ಲಿ ಸಾಧಾರಣ ಮಳೆ’ ಎಂಬ ಮಾತು ಕೇಳಿ ರಾಮದುರ್ಗದವನು ಬೀಜ ಕೊಂಡರೆ ತಪ್ಪು ಅವನದಲ್ಲ. ಗಾಳಿಯ ದಿಕ್ಕು ಪಡುವಣಕ್ಕೆ ನಿಂತಿತೆ, ಮಳೆ ಗುಡುಗಿನದೋ ಗಾಳಿಯದೋ ಎಂಬುದನ್ನು ತಾಲ್ಲೂಕುವಾರು ಹೇಳುವುದು ಒಟ್ಟು ಮಿಲಿಮೀಟರನ್ನು ಹೇಳುವುದಕ್ಕಿಂತ ಹೆಚ್ಚು ಉಪಕಾರಿಯಾದೀತೆಂದು ಈ ಲೇಖಕನ ಅಭಿಪ್ರಾಯ.

ಮಳೆ ಹಿಂದೆಗೆದಾಗ ಊರುಗಳಲ್ಲಿ ನಡೆಯುವ ಆಚರಣೆಗಳಲ್ಲಿ ಗುರ್ಜಿ ಮುಖ್ಯವಾದುದು. ರೊಟ್ಟಿ ಸುಡುವ ಹಂಚನ್ನು ಮಗುಚಿ ಅದರ ಮೇಲೆ ಸಗಣಿಯಿಂದ ಗುರ್ಜಿಯನ್ನು ಮಾಡಿ ಗರಿಕೆ ಸಿಕ್ಕಿಸಿ, ಅದನ್ನು ಹುಡುಗನೊಬ್ಬನ ತಲೆಯ ಮೇಲಿಟ್ಟು ಮನೆಮನೆಗೆ ಕರೆದೊಯ್ಯುತ್ತಾರೆ. ಮನೆಯವರು ಕೊಡದಿಂದ ನೀರೆರೆಯುತ್ತಾರೆ, ಹುಡುಗ ಸುತ್ತುತ್ತಾನೆ, ನೀರು ನಾಲ್ಕು ಕಡೆ ಚಿಮ್ಮುತ್ತದೆ. ಜೋಳವೋ ಹಿಟ್ಟೋ ಸೆರಗಿನಿಂದ ಜೋಳಿಗೆಗೆ ಬೀಳುತ್ತದೆ. ಜ್ಯೇಷ್ಠದ ಕಾರಹುಣ್ಣಿಮೆಯಲ್ಲಿ ಬಣ್ಣ ಬಳಿದ ಎತ್ತುಗಳನ್ನು ಓಡಿಸಿ ಕರಿ ಹರಿಯುವಾಗ, ಬಿಳಿಯ ಎತ್ತು ಮುಂದಾದರೆ ಹಿಂಗಾರಿ ಜೋಳವೂ ಕೆಂದೆತ್ತು ಮುಂದಾದರೆ ಮುಂಗಾರಿ ಪೈರೂ ಚೆನ್ನಾಗುವುದೆಂದು ನಂಬುತ್ತಾರೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮುನ್ನ, ಮುಂಗಾರಿ ಹಿಂಗಾರಿಗಳೆರಡರಲ್ಲಿ ಯಾವುದೋ ಒಂದು ಕೈಗೂಡೀತೆಂದು ವರ್ಷದ ಮೊದಲಿಗೇ ಮನಸ್ಸನ್ನು ಅಣಿಗೊಳಿಸುವ ವಿವೇಕವೂ ಅದರಲ್ಲಿದೆಯೆಂಬುದನ್ನು ಗಮನಿಸಬೇಕು.

ಏಕೆಂದರೆ ಬಿತ್ತನೆಯ ನಿರ್ಣಯ ಇಲ್ಲಿ ನಿಜವಾಗಿಯೂ ಎರಡು ಕವಲಿನದು. ಬೇಸಿಗೆಯಲ್ಲಿ ಸೀಳುಬಿಟ್ಟ ಎರೆ ಭೂಮಿ ಮೊದಲ ಅಡ್ಡಮಳೆಗಳನ್ನು ಬಿರುಕುಗಳ ಮೂಲಕ ಆಳಕ್ಕೆ ನುಂಗುತ್ತದೆ. ಬಿರುಕು ಮುಚ್ಚಿ ಮೇಲಿನಿಂದ ಕೆಳಗೆ ಗೇಣುದ್ದ ಹಸಿ ಕೂಡುವವರೆಗೆ ಅನುಭವಸ್ಥರು ಕೂರಿಗೆ ಹೊರತೆಗೆಯುವುದಿಲ್ಲ, ಕುಂಟೆ ಹೊಡೆದು ಕಾಯುತ್ತಾರೆ. ಕಿತ್ತೂರು ಬೈಲಹೊಂಗಲಗಳಲ್ಲಿ ಮಿರಗದ ಹದಕ್ಕೆ ಸೋಯಾಬೀನ್ ಬಿತ್ತುವುದು ಈಗ ವಾಡಿಕೆ. ಕಬ್ಬಿನವರಿಗೆ ಈ ಆತುರವಿಲ್ಲ. ಸವದತ್ತಿ ರಾಮದುರ್ಗಗಳ ಎರೆಯಲ್ಲಿ ರೋಹಿಣಿ ಮಿರಗಗಳು ಒದಗಿದರೆ ಎರಡೂವರೆ ತಿಂಗಳೊಳಗೆ ಕೈಗೆ ಬರುವ ಹೆಸರನ್ನು ಬಿತ್ತಿ, ಅದನ್ನು ಶ್ರಾವಣ-ಭಾದ್ರಪದದಲ್ಲಿ ಕಿತ್ತು, ಅದೇ ಹೊಲಕ್ಕೆ ಬಿಳಿಜೋಳವನ್ನೋ ಕಡಲೆಯನ್ನೋ ಹಾಕುತ್ತಾರೆ. ಮಿರಗ ತಪ್ಪಿದರೆ ಹೆಸರಿನ ಆಸೆಯನ್ನು ಬಿಟ್ಟು, ಆರಿದ್ರಾ ಪುನರ್ವಸುಗಳಿಗೆ ಗೋವಿನಜೋಳ, ಸಜ್ಜೆ, ಸೂರ್ಯಕಾಂತಿಗಳ ಯೋಚನೆ. ಅದೂ ತಪ್ಪಿ ಗಾಳಿಯೊಂದೇ ಬೀಸುತ್ತ ಪುಷ್ಯ ಕಳೆದುಹೋದರೆ ಹೊಲವನ್ನು ಹರಗುತ್ತ ಕಸ ತೆಗೆಯುತ್ತ ಖಾಲಿಯಿಟ್ಟು, ಉತ್ತರೆಯ ಹಸಿಗೆ ಜೋಳ, ಕಡಲೆ, ಕುಸುಬೆಗಳನ್ನು ಬಿತ್ತುವುದು ಉಳಿದ ದಾರಿ.